ಒಂದು ಗೆರೆ ಸೊಟ್ಟ ಮಾಡಿಕೊಡ್ರಿ

ಇಸಿಜಿ ತೆಗೆಯುವ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ಆಗಾಗ ನನಗೆ ಫೋನ್ ಮಾಡುತ್ತಾರೆ. ವೈರ್ ಎಲ್ಲಿ ಹಚ್ಚಬೇಕು ಎಂದು ಕೇಳುವುದಿಲ್ಲ, ಅದನ್ನು ಕಾಲೇಜಿನಲ್ಲಿ ಕಲಿತು ಬಂದಿರುತ್ತಾರೆ. ರಜೆ ಹೇಗೆ ಸಿಗುತ್ತದೆ, ಯಾವ ಊರಿಗೆ ವರ್ಗ ಮಾಡಿಸಿಕೊಂಡರೆ ಆರಾಮ ಎಂದು ಕೇಳುತ್ತಾರೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೂ ಕಡೆ ದುಡಿದಿದ್ದೇನೆ, ಆರಾಮ ಎಂಬುದನ್ನು ಎಲ್ಲಿಯೂ ಕಾಣಲಿಲ್ಲ. ಅವರಿಗೆ ನಾನು ಹೇಳಬೇಕಾದದ್ದು ಬೇರೆಯೇ ಇದೆ. ಫೋನಿನಲ್ಲಿ ಹೇಳಲು ಹೋದರೆ ನಾಲಿಗೆ ಏಳುವುದಿಲ್ಲ, ಆದ್ದರಿಂದ ಬರೆಯುತ್ತಿದ್ದೇನೆ. ಇದು ನಡೆದ ಆಸ್ಪತ್ರೆ ಯಾವುದು ಎಂದು ಮಾತ್ರ ಕೇಳಬೇಡಿ. ತಪ್ಪು ಕಟ್ಟಡದ್ದಲ್ಲ, ಬಹುಪಾಲು ನನ್ನದು.

ನಾನು ಸೇರಿದ ಕಾಲದ ಯಂತ್ರ ನೋಡಿದರೆ ಈಗಿನವರು ನಕ್ಕಾರು. ಎದೆಗೆ ರಬ್ಬರ್ ಬುಗ್ಗೆಗಳನ್ನು ಒತ್ತಿ ಕೂಡಿಸಬೇಕು. ಬೆವರಿದ ಮೈಮೇಲೆ ಅವು ನಿಲ್ಲದೆ ಪಟಪಟ ಉದುರುತ್ತಿದ್ದವು. ಕಾಗದ ಉದ್ದನೆಯ ಪಟ್ಟಿಯಾಗಿ ಬರುತ್ತಿತ್ತು, ಅದನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ ಡಾಕ್ಟರ ಮೇಜಿಗೆ ಒಯ್ಯಬೇಕು. ಅರ್ಧ ಮಂದಿ ಕರೆಂಟ್ ಹಿಡಿಸುತ್ತಾರೆಂದು ಹೆದರಿ ಬಾಗಿಲಲ್ಲೇ ನಿಲ್ಲುತ್ತಿದ್ದರು. ಹೆಣ್ಣುಮಕ್ಕಳು ಕುಪ್ಪಸದ ಗುಂಡಿ ಬಿಚ್ಚಲು ಒಪ್ಪುತ್ತಿರಲಿಲ್ಲ, ಮುದುಕರು ಕೈಯ ಬೆಳ್ಳಿ ಕಡಗ ತೆಗೆಯಲು ಒಪ್ಪುತ್ತಿರಲಿಲ್ಲ. ಇಡೀ ಆಸ್ಪತ್ರೆಗೆ ಈ ಕೆಲಸ ಬಲ್ಲವಳು ನಾನೊಬ್ಬಳೇ. ಹಾಳೂರಿಗೆ ಉಳಿದವನೇ ಗೌಡ ಅಂದ ಹಾಗೆ ನನಗೂ ಒಂದು ದೌಲತ್ತು ಬಂದಿತ್ತು. ಎಲ್ಲರೂ ಇಸಿಜಿ ಅಕ್ಕಾರು ಎನ್ನುತ್ತಿದ್ದರು, ಹುಲಿಗೆಮ್ಮ ಎಂಬ ನನ್ನ ಹೆಸರು ಹಾಜರಿ ಪುಸ್ತಕದಲ್ಲಷ್ಟೇ ಉಳಿಯಿತು.

ಮೊದಲ ವರ್ಷವೇ ಒಂದು ಎಡವಟ್ಟು ಮಾಡಿದೆ. ಹನುಮಸಾಗರದ ಕಡೆಯ ಒಬ್ಬ ಅಜ್ಜನಿಗೆ ಎಡಗೈ ವೈರನ್ನು ಬಲಗೈಗೆ, ಬಲಗೈಯದನ್ನು ಎಡಗೈಗೆ ಹಚ್ಚಿಬಿಟ್ಟೆ. ಮೇಲೆ ಏಳಬೇಕಾದ ಗೆರೆ ಕೆಳಕ್ಕೆ ಇಳಿಯಿತು. ಆಗಷ್ಟೇ ಬಂದಿದ್ದ ಹುಡುಗ ಡಾಕ್ಟರು ಅದನ್ನು ನೋಡಿ ಬೆವರಿ, ಅಜ್ಜನನ್ನು ಜೀಪು ಹತ್ತಿಸಿ ದೂರದ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಏನೂ ಆಗಿಲ್ಲವೆಂದು ಹೊಳ್ಳಿ ಕಳಿಸಿದರು. ಮರುವಾರ ಅಜ್ಜ ನನ್ನ ಬಾಗಿಲಿಗೆ ಬಂದಾಗ ಬೈಗುಳ ತಿನ್ನಲು ಸಿದ್ಧಳಾಗಿ ನಿಂತೆ. ಅವನ ಕೈಯಲ್ಲಿ ಬಾಳೆಹಣ್ಣಿತ್ತು. ಅಜ್ಜನಿಗೆ ಹಾರ್ಟ್ ಐತಂತ ಎಂದು ಊರಲ್ಲಿ ಸುದ್ದಿಯಾದ ಮೇಲೆ ಸೊಸೆ ಬಿಸಿ ರೊಟ್ಟಿ ಹಾಕುತ್ತಾಳಂತೆ, ಮಗ ಕೂತು ಮಾತಾಡುತ್ತಾನಂತೆ. ಇದನ್ನು ನಗುನಗುತ್ತ ವರ್ಷಗಟ್ಟಲೆ ಎಲ್ಲರಿಗೂ ಹೇಳಿದೆ. ಅದರಲ್ಲಿ ನನಗೊಂದು ಪಾಠ ಇತ್ತೆಂದು ಹೊಳೆಯಲಿಲ್ಲ.

ಆಮೇಲೆ ಯಂತ್ರಗಳು ಬದಲಾದವು. ಈಗಿನದು ಗೆರೆಯ ಜೊತೆ ತೀರ್ಪನ್ನೂ ತಾನೇ ಅಚ್ಚು ಹಾಕಿ ಕೊಡುತ್ತದೆ. ಅನುಮಾನ ಬಂದರೆ ಫೋಟೋ ತೆಗೆದು ವಾಟ್ಸಾಪಿನಲ್ಲಿ ದೊಡ್ಡ ಊರಿನ ಹೃದಯದ ಡಾಕ್ಟರಿಗೆ ಕಳಿಸುತ್ತೇವೆ, ಅವರು ಒಂದು ಪದ ಬರೆದು ಕಳಿಸುತ್ತಾರೆ. ಹೆಚ್ಚಿನ ಸಲ ಆ ಪದ ನಾರ್ಮಲ್.

ಈ ನಾರ್ಮಲ್ ಎಂಬ ಪದದ ಬಗ್ಗೆ ಹೇಳಬೇಕು. ನಮ್ಮ ಕೋಣೆಗೆ ಬರುವವರಲ್ಲಿ ಹೃದಯದ ರೋಗ ಇಲ್ಲದವರೇ ಹೆಚ್ಚು. ಎದಿ ಹಾರತೈತಿ, ಜೀವ ಧಸಕ್ ಅಂತೈತಿ, ಕೈಕಾಲಾಗ ಬಲ ಇಲ್ದಂಗ ಆಗತೈತಿ ಎಂದು ಬರುತ್ತಾರೆ. ಗಾಬರಿ ಎಂಬ ಪದ ಅವರ ಬಾಯಲ್ಲೇ ಇರುತ್ತದೆ. ಆದರೆ ಚೀಟಿ ಬರೆಯುವ ಕೌಂಟರಿನಲ್ಲಿ ಗಾಬರಿ ಎಂದರೆ ಯಾವ ಕೋಣೆಗೆ ಕಳಿಸಬೇಕೆಂದು ಗೊತ್ತಾಗದೆ ಎದೆನೋವು ಎಂದು ಬರೆಯುತ್ತಾರೆ. ಎದೆನೋವು ಎಂದರೆ ಇಸಿಜಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಗೆರೆ ಸರಿಯಾಗಿ ಬರುತ್ತದೆ, ಗ್ಯಾಸಿನ ಗುಳಿಗೆ ಕೊಟ್ಟು ಮನೆಗೆ ಅಟ್ಟುತ್ತಾರೆ. ನಾರ್ಮಲ್ ಎಂದರೆ ಹೃದಯ ಸರಿ ಇದೆ ಎಂದಷ್ಟೇ ಅರ್ಥ. ನಮ್ಮ ಜನಕ್ಕೆ ಅದರ ಅರ್ಥ ಇವಳಿಗೆ ಏನೂ ಆಗಿಲ್ಲ, ನಾಟಕ ಎಂದು. ಮಂಗಳವಾರಕ್ಕೊಮ್ಮೆ ಜಿಲ್ಲೆಯಿಂದ ಮನೋವೈದ್ಯರು ಬರುತ್ತಿದ್ದರು, ಹಿಂದಿನ ಕಟ್ಟಡದಲ್ಲಿ ಅವರಿಗೊಂದು ಕೋಣೆ ಇತ್ತು. ನಾವು ಸಿಬ್ಬಂದಿಯೇ ಅದನ್ನು ಹುಚ್ಚರ ಖೋಲಿ ಎನ್ನುತ್ತಿದ್ದೆವು. ನಾನೂ ಅಂದಿದ್ದೇನೆ, ಬಾಯಿ ತುಂಬ ಅಂದಿದ್ದೇನೆ.

ಶಂಶಾದ್ ಬಂದದ್ದು ನಾನು ನಿವೃತ್ತಿಯಾಗುವ ಮೂರು ವರ್ಷ ಮೊದಲು. ಬಸ್ ಕಂಡಕ್ಟರ್. ಅವರ ಮನೆತನದಲ್ಲಿ ತಲೆಮಾರುಗಳಿಂದ ಹಾಸಿಗೆ ಹೊಲಿಯುವ, ಹತ್ತಿ ಎಕ್ಕುವ ಕೆಲಸ. ಸರಕಾರಿ ನೌಕರಿ ಹಿಡಿದವರಲ್ಲಿ ಅವಳೇ ಮೊದಲು, ಗಂಡಸರನ್ನೂ ಸೇರಿಸಿ. ಖಾಕಿ ಅಂಗಿಯ ತೋಳನ್ನು ಇಸ್ತ್ರಿ ಮಾಡಿ ಕತ್ತಿಯಂತೆ ಚೂಪಾಗಿ ಇಟ್ಟುಕೊಂಡಿದ್ದಳು. ಯಲಬುರ್ಗಾ ದಾರಿಯಲ್ಲಿ ತುಂಬಿದ ಬಸ್ಸಿನ ನಡುವೆ ನಿಂತಾಗ ಒಮ್ಮೆಲೆ ಉಸಿರು ಕಟ್ಟಿತಂತೆ, ಇನ್ನು ಸತ್ತೇ ಹೋದೆ ಅನಿಸಿತಂತೆ. ಸೀಟಿ ಹೊಡೆದು ಬಸ್ ನಿಲ್ಲಿಸಿ ಹೊಲದ ಬದುವಿನ ಮೇಲೆ ಕೂತುಬಿಟ್ಟಿದ್ದಳು. ಬಸ್ಸಿನಲ್ಲಿದ್ದವರು ಮೊದಲು ಮರುಗಿದರು, ಆಮೇಲೆ ತಡವಾಯಿತೆಂದು ಬೈದರು.

ಅವಳಿಗೆ ಇಸಿಜಿ ತೆಗೆದೆ. ನಾರ್ಮಲ್. ಹದಿನೈದು ದಿನಕ್ಕೆ ಮತ್ತೆ ಬಂದಳು, ನಾರ್ಮಲ್. ಆಸ್ಪತ್ರೆಯ ಬಾಗಿಲು ಕಂಡ ಕೂಡಲೇ ಧೈರ್ಯ ಬಂದು ಎದೆಬಡಿತ ಇಳಿಯುತ್ತದೆ, ಹಾಗಾಗಿ ಯಂತ್ರಕ್ಕೆ ಅದು ಸಿಗುವುದೇ ಇಲ್ಲ. ಇದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಲಿಲ್ಲ, ಹೇಳುವುದು ಡಾಕ್ಟರ ಕೆಲಸ ಎಂದುಕೊಂಡೆ. ಅವಳು ಮಾತ್ರ ಮಲಗಿದಲ್ಲೇ ನನಗೆ ಎಲ್ಲ ಹೇಳುತ್ತಿದ್ದಳು. ನಮ್ಮ ಮನ್ಯಾಗ ಘಬರಾಟ ಅಂತೀವ್ರಿ, ನಿಮ್ಮ ಕಡಿ ಗಾಬರಿ ಅಂತೀರಿ, ಎರಡೂ ಒಂದ ಅಲ್ಲೇನ್ರಿ ಎಂದು ಕೇಳಿದ್ದಳು. ಅವಳಿಗೆ ತನ್ನ ರೋಗದ ಹೆಸರು ಎರಡು ಭಾಷೆಯಲ್ಲಿ ಗೊತ್ತಿತ್ತು, ನಮಗೆ ಒಂದರಲ್ಲೂ ಗೊತ್ತಿರಲಿಲ್ಲ.

ಆರನೆಯದೋ ಏಳನೆಯದೋ ಸಲ ಬಂದ ದಿನ ಅವಳ ಮುಖ ಇಳಿದುಹೋಗಿತ್ತು. ಡಿಪೋದಲ್ಲಿ ಅವಳ ಮಾತು ಯಾರೂ ನಂಬುತ್ತಿರಲಿಲ್ಲ. ರಿಪೋರ್ಟ್ ನಾರ್ಮಲ್ ಇದೆ, ಡ್ಯೂಟಿಗೆ ಹತ್ತು, ಇಲ್ಲವೇ ಮನೆಗೆ ಹೋಗು ಎಂದಿದ್ದರು. ಪ್ರೊಬೇಷನ್ ಮುಗಿದಿರಲಿಲ್ಲ, ತೆಗೆದುಹಾಕುವುದು ಅವರಿಗೆ ಸುಲಭ. ಅವಳು ಎದ್ದು ಕೂತು ದುಪಟ್ಟಾ ಸರಿಮಾಡಿಕೊಂಡು ನನ್ನ ಕೈ ಹಿಡಿದಳು.

“ಅಕ್ಕಾರ, ಒಂದ ಗೆರಿ ಸೊಟ್ಟ ಮಾಡಿಕೊಡ್ರಿ. ಒಂದ ಸಾಕು. ಕಾಗದದಾಗ ಖರಾಬ್ ಐತಿ ಅಂದ್ರ ನನ್ನ ಮಾತು ನಂಬ್ತಾರ್ರಿ.”

ಸೊಟ್ಟ ಮಾಡುವುದು ನನಗೆ ಬರುತ್ತಿತ್ತು. ಎರಡು ವೈರ್ ಅದಲುಬದಲು ಮಾಡಿದರೆ ಮುಗಿಯಿತು. ಮಾಡಲಿಲ್ಲ, ಮಾಡಬಾರದು, ಆ ಮಾತಿಗೆ ಈಗಲೂ ಬದ್ಧಳಾಗಿದ್ದೇನೆ. ಆದರೆ ಆ ಹೊತ್ತಿಗೆ ನಾನು ಮಾಡಿದ್ದೇನು ಗೊತ್ತೇ? ನಕ್ಕೆ. ಎಲ್ಲರೂ ಗೆರೆ ನೆಟ್ಟಗೆ ಬರಲಿ ಎಂದು ದೇವರಿಗೆ ಬೇಡಿಕೊಂಡರೆ ಇವಳು ಸೊಟ್ಟ ಬೇಡುತ್ತಾಳಲ್ಲ ಎಂದು ಬಿದ್ದುಬಿದ್ದು ನಕ್ಕೆ. ಅವಳು ಚಪ್ಪಲಿ ಮೆಟ್ಟಿಕೊಂಡು ಹೋದಳು.

ಇಷ್ಟಕ್ಕೇ ನಿಂತಿದ್ದರೆ ಈ ಬರಹ ಬೇಕಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಗಿರಿಜಾ ಸಿಸ್ಟರ್ ಮುಂದೆ ಅದನ್ನು ಹೇಳಿದೆ, ಶಂಶಾದಳ ದನಿಯನ್ನೂ ಅಣಕಿಸಿ ತೋರಿಸಿದೆ. ಊಟಕ್ಕೆ ಕೂತವರೆಲ್ಲ ಚಟ್ನಿ ನೆತ್ತಿಗೇರುವಷ್ಟು ನಕ್ಕರು. ಗಿರಿಜಾಳ ಗಂಡ ಅದೇ ಡಿಪೋದಲ್ಲಿ ಮೆಕ್ಯಾನಿಕ್. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ವಾರದೊಳಗೆ ಡಿಪೋದ ತುಂಬ ಸೊಟ್ಟ ಗೆರೆಯ ಕಂಡಕ್ಟರ್ ಎಂದು ಅವಳಿಗೆ ಹೆಸರು ಬಿತ್ತು. ಆಮೇಲೆ ಡಿಪೋದಿಂದ ಆಸ್ಪತ್ರೆಗೆ ಒಂದು ಪತ್ರ ಬಂತು. ಸದರಿ ನೌಕರರು ಸುಳ್ಳು ವರದಿ ಕೊಡುವಂತೆ ನಿಮ್ಮ ಸಿಬ್ಬಂದಿಯನ್ನು ಕೇಳಿದ್ದು ನಿಜವೇ ಎಂದಿತ್ತು.

ನಮ್ಮ ಆಡಳಿತ ವೈದ್ಯಾಧಿಕಾರಿ ತಾಪತ್ರಯ ಬೇಡ ಎನ್ನುವ ಮನುಷ್ಯ. ಸಾಹೇಬರ ನೀತಿ ಒಂದೇ, ಬಂದ ಕಾಗದ ಸಂಜೆಯೊಳಗೆ ಮೇಜಿನಿಂದ ಹೋಗಬೇಕು. ನನ್ನನ್ನು ಕರೆದು, ಏನು ನಡೆಯಿತೋ ಅಷ್ಟನ್ನು ಬರೆದುಕೊಡು, ಹೆಚ್ಚು ಬರೆದರೆ ನಾಳೆ ನಿನ್ನನ್ನೇ ವಿಚಾರಣೆಗೆ ಕರೆಯುತ್ತಾರೆ ಎಂದರು. ಬರೆದೆ. ಹೌದು, ಕೇಳಿದ್ದರು, ನಾನು ನಿರಾಕರಿಸಿದೆ. ಒಂದೇ ವಾಕ್ಯ, ಅಪ್ಪಟ ಸತ್ಯ. ನನ್ನ ಪ್ರಾಮಾಣಿಕತೆಯನ್ನು ಸಾಹೇಬರು ಎಲ್ಲರೆದುರು ಹೊಗಳಿದರು, ನಾನೂ ಹಿಗ್ಗಿದೆ. ಎರಡು ತಿಂಗಳಿಗೆ ಶಂಶಾದಳನ್ನು ಕೆಲಸದಿಂದ ತೆಗೆದರೆಂದು ಗಿರಿಜಾ ಹೇಳಿದಳು. ಆ ದಿನ ಯಾರೂ ನಗಲಿಲ್ಲ, ಆದರೆ ಊಟವನ್ನೂ ಯಾರೂ ಬಿಡಲಿಲ್ಲ.

ಮುಂದಿನದನ್ನು ಕೇಳಿ ಇದು ಪಾಪದ ಫಲ ಎನ್ನಬೇಡಿ. ಹಾಗೆ ಅನ್ನುವವರು ಬಂದವರಿಗೆಲ್ಲ ಏನು ಪಾಪ ಎಂದು ಹುಡುಕುತ್ತಾರೆ. ನಿವೃತ್ತಿಗೆ ಒಂದು ವರ್ಷ ಇದ್ದಾಗ ನನಗೂ ಶುರುವಾಯಿತು. ಬೆಳಿಗ್ಗೆ, ವೈರ್ ಹಚ್ಚುವ ಮುನ್ನ ಮೈಗೆ ಸವರುವ ಜೆಲ್ಲಿಯ ಡಬ್ಬಿ ಮುಚ್ಚಳ ತಿರುಗಿಸುತ್ತ ನಿಂತಿದ್ದೆ, ಎದೆ ಒಮ್ಮೆಲೆ ಹೊಡೆದುಕೊಳ್ಳತೊಡಗಿತು, ಕಣ್ಣು ಕತ್ತಲಾಯಿತು, ಗೋಡೆ ಹಿಡಿದು ಕೂತೆ. ಬಾಗಿಲು ಹಾಕಿಕೊಂಡು ನನಗೆ ನಾನೇ ವೈರ್ ಹಚ್ಚಿಕೊಂಡೆ. ನಾರ್ಮಲ್ ಎಂದು ಅಚ್ಚಾಯಿತು. ನಂಬಲಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡು ಇನ್ನೊಮ್ಮೆ ತೆಗೆದೆ. ಆ ತಿಂಗಳು ಎಷ್ಟು ಸಲ ತೆಗೆದೆನೋ ಲೆಕ್ಕವಿಲ್ಲ, ಪಟ್ಟಿಗಳನ್ನೆಲ್ಲ ಸಣ್ಣಗೆ ಹರಿದು ಸೀರೆಯ ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ ಹೊರಗೆ ಒಗೆಯುತ್ತಿದ್ದೆ. ಮೂವತ್ತು ವರ್ಷ ಜನರಿಗೆ ಆರಾಮ ಇದ್ದೀರಿ ಹೋಗ್ರಿ ಎಂದವಳಿಗೆ ಆ ಮಾತು ಒಂದು ದಮ್ಮಡಿಯ ಧೈರ್ಯವನ್ನೂ ಕೊಡಲಿಲ್ಲ.

ಚಿಕಿತ್ಸೆ ಹುಡುಕಿಕೊಂಡು ಹೋದ ಕಥೆ ಹೇಳಿದರೆ ನಾಚಿಕೆಯಾಗುತ್ತದೆ. ನಮ್ಮ ಡಾಕ್ಟರು ಗ್ಯಾಸ್ ಎಂದು ಗುಳಿಗೆ ಬರೆದರು. ನನ್ನ ಗಂಡ ಭೀಮಪ್ಪ, ಪಾಪ, ಒಳ್ಳೆಯ ಮನುಷ್ಯ, ದೃಷ್ಟಿಯಾಗಿದೆ ಎಂದು ಉಪ್ಪು ಮೆಣಸಿನಕಾಯಿ ಇಳಿಸಿದ. ಕಾರಟಗಿಯ ಅಕ್ಕ ಅಂತ್ರ ಕಟ್ಟಿಸಿದಳು. ಹಿಂದಿನ ಕಟ್ಟಡದ ಕೋಣೆ ನನ್ನ ಕೋಣೆಯಿಂದ ನೂರು ಹೆಜ್ಜೆ, ಅಲ್ಲಿಗೆ ಮಾತ್ರ ಹೋಗಲಿಲ್ಲ. ಯಾರಾದರೂ ನೋಡಿಬಿಟ್ಟರೆ? ನೋಡಿದವರು ಏನೆನ್ನುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆ ಮಾತು ಕಟ್ಟಿದವರಲ್ಲಿ ನಾನೂ ಒಬ್ಬಳಲ್ಲವೇ.

ಅಣ್ಣನ ಮಗಳು ಫೋನಿನಲ್ಲಿ ಬೆಂಗಳೂರಿನ ಒಬ್ಬ ಥೆರಪಿಸ್ಟನ್ನು ಹುಡುಕಿ ಕೊಟ್ಟಳು. ವಿಡಿಯೋದಲ್ಲಿ ಮಾತಾಡಬೇಕು. ಸಭ್ಯ ಹುಡುಗ. ನನಗೆ ಏನಾಗುತ್ತದೆ ಎಂದು ಕೇಳಿದ. ಜೀವ ಝಲ್ ಅಂತೈತ್ರಿ, ಆಮ್ಯಾಲೆ ಧಸಕ್ ಅಂತೈತಿ ಎಂದೆ. ಝಲ್ ಎಂದರೆ ನೋವೇ, ಧಸಕ್ ಎಂದರೆ ಬಿದ್ದ ಹಾಗೆಯೇ ಎಂದು ಕೇಳಿದ. ನಾನು ಅದಕ್ಕೆ ಇನ್ನೊಂದು ಪದ ಹೇಳಿದೆ, ಅವನಿಗೆ ಅದೂ ತಿಳಿಯಲಿಲ್ಲ. ಒಂದರಿಂದ ಹತ್ತರಲ್ಲಿ ಎಷ್ಟು ಹೇಳಿ ಎಂದ. ನನ್ನ ಜೀವಕ್ಕೆ ನಾನೇ ಮಾರ್ಕ್ಸ್ ಹಾಕಬೇಕಾಯಿತಲ್ಲ ಎಂದು ಸಿಟ್ಟು ಬಂದು ಫೋನ್ ಕಟ್ ಮಾಡಿದೆ. ಅವನದು ತಪ್ಪಿಲ್ಲ, ನನ್ನ ಗಾಬರಿ ಅವನ ಕನ್ನಡದಲ್ಲಿ ಇರಲಿಲ್ಲ.

ಕೊನೆಗೆ ಒಂದು ಮಂಗಳವಾರ ಹೋಗಲೇಬೇಕಾಯಿತು. ಬಸ್ ನಿಲ್ದಾಣದವರೆಗೆ ಒಬ್ಬಳೇ ನಡೆಯಲು ಆಗದ ಸ್ಥಿತಿಗೆ ಬಂದಿದ್ದೆ. ಮುಖ ಕಾಣದ ಹಾಗೆ ಸೆರಗು ಎಳೆದುಕೊಂಡು ಆ ಕೋಣೆಯ ಹೊರಗಿನ ಬೆಂಚಿನ ಕಡೆ ನಡೆದೆ. ಮೊದಲ ಜಾಗದಲ್ಲಿ ಶಂಶಾದ್ ಕೂತಿದ್ದಳು.

ಹೊಳ್ಳಿ ಹೋಗಲು ಕಾಲು ತೆಗೆದೆ. ಅವಳು ಸರಿದು ಜಾಗ ಮಾಡಿ, ಕೂಡ್ರಿ ಅಕ್ಕಾರ, ಮೊದಲನೇ ಸಲ ಎಲ್ಲಾರೂ ಹಿಂಗ ಹೊಳ್ಳಿ ಹೊಂಡ್ತಾರ ಎಂದಳು. ಕೂತೆ. ತನ್ನದನ್ನು ತಾನೇ ಹೇಳಿದಳು. ಅವಳನ್ನು ಇಲ್ಲಿಗೆ ಕಳಿಸಿದವಳು ಅವರ ಓಣಿಯ ಆಶಾ ಕಾರ್ಯಕರ್ತೆಯಂತೆ. ಎಸ್ಸೆಸ್ಸೆಲ್ಸಿ ಓದಿದ ಹೆಣ್ಣುಮಗಳು, ಗಾಬರಿಗೂ ಡಾಕ್ಟರ್ ಇರುತ್ತಾರೆ ಎಂದು ಅಂಗಳದಲ್ಲಿ ನಿಂತು ಹೇಳಿದಳಂತೆ. ಏಳು ಸಲ ಬಂದವಳಿಗೆ ನಾವೆಲ್ಲ ಸೇರಿ ಹೇಳದ ಮಾತು ಅದು. ಗುಳಿಗೆಯ ಜೊತೆ, ಒಳಗೆ ಕೂರುವ ಆಪ್ತ ಸಮಾಲೋಚಕಿ ಸವಿತಾ ಅವಳಿಗೆ ಬಸ್ಸಿನದೇ ಮದ್ದು ಮಾಡಿದ್ದಳು. ಮೊದಲು ನಿಂತ ಬಸ್ಸಿನಲ್ಲಿ ಐದು ನಿಮಿಷ ಕೂರುವುದು, ಆಮೇಲೆ ಒಂದು ಸ್ಟಾಪು, ಆಮೇಲೆ ಎರಡು. ಈಗ ಎಂಥ ಗದ್ದಲದಲ್ಲೂ ಕುಷ್ಟಗಿವರೆಗೆ ನಿಂತು ಹೋಗುತ್ತೇನೆ ಎಂದಳು. ಪ್ಯಾಸೆಂಜರ್ ಆಗಿ ಎಂದು ತಾನೇ ಸೇರಿಸಿದಳು.

ಆಮೇಲೆ ನೇರ ಮಾತಿಗೆ ಬಂದಳು. ಕೆಲಸ ಮರಳಿ ಕೊಡಿ ಎಂದು ಮೇಲಿನವರಿಗೆ ಮನವಿ ಹಾಕಿದ್ದಳು, ಎರಡು ತಿಂಗಳಲ್ಲಿ ತೀರ್ಮಾನವಾಗುವುದಿತ್ತು. ಆಗ ಕಾಯಿಲೆ ಇತ್ತು, ಈಗ ಗುಣವಾಗಿದ್ದಾಳೆ ಎಂದು ಮನೋವೈದ್ಯರು ಬರೆದುಕೊಟ್ಟಿದ್ದರು. ಆದರೆ ಸುಳ್ಳು ವರದಿ ಕೇಳಿದಳೆಂಬ ನನ್ನ ಪತ್ರ ಫೈಲಿನಲ್ಲಿ ಹಾಗೇ ಕೂತಿತ್ತು.

“ನೀವು ಬರದದ್ದು ಖರೇನ ಐತ್ರಿ,” ಎಂದಳು. “ಆದ್ರ ಅದರ ಮುಂದ ಇನ್ನೊಂದ ಸಾಲು ಬರೀಬೇಕಿತ್ತು. ಈಕಿ ಏಳು ಸಲ ಇದ ತ್ರಾಸಿಗೆ ಬಂದಿದ್ಲು, ನಾ ಕಣ್ಣಾರೆ ನೋಡೀನಿ ಅಂತ. ಈಗರ ಬರದ ಕೊಡ್ರಿ.”

ಕೊಡುತ್ತೇನೆ ಎಂದೆ. ಆ ಗಳಿಗೆಯಲ್ಲಿ ಮನಸ್ಸಿನಿಂದಲೇ ಹೇಳಿದೆ.

ಒಳಗೆ ಸವಿತಾ ನನ್ನ ಮಾತು ಕೇಳಿದಳು. ಇಟಗಿ ಕಡೆಯ ಹುಡುಗಿ, ನನ್ನ ಮಗಳ ವಯಸ್ಸು. ಧಸಕ್ ಎಂದರೆ ಏನೆಂದು ಅವಳು ಕೇಳಲಿಲ್ಲ, ಹಗಲೋ ರಾತ್ರಿಯೋ, ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದಳು. ಡಾಕ್ಟರು ಗುಳಿಗೆ ಕೊಟ್ಟರು, ಅವಳು ನಿಯಮ ಕೊಟ್ಟಳು. ಎದೆ ಹಾರಿದರೆ ಹಾರಲಿ, ಇಸಿಜಿ ಮಾತ್ರ ತೆಗೆದುಕೊಳ್ಳಬಾರದು. ಯಂತ್ರದ ಪಕ್ಕದಲ್ಲೇ ಕೂತು ಅದನ್ನು ಮುಟ್ಟದೆ ಇರುವುದು ಎಷ್ಟು ಕಷ್ಟವೆಂದು ಹೇಳಲಾರೆ. ಮೊದಲ ವಾರ ಅತ್ತೆ. ನಾಲ್ಕನೇ ವಾರದ ಹೊತ್ತಿಗೆ ಎದೆ ತಾನಾಗಿ ಏರಿ ತಾನಾಗಿ ಇಳಿಯುವುದನ್ನು ಸುಮ್ಮನೆ ನೋಡಲು ಬಂತು. ಈ ಚಿಕಿತ್ಸೆ ಕೆಲಸ ಮಾಡುತ್ತದೆ. ಅಷ್ಟನ್ನಾದರೂ ಈ ಬರಹದಿಂದ ಎತ್ತಿಕೊಳ್ಳಿರಿ.

ನಾನು ಗುಣವಾಗುತ್ತ ಬಂದೆ, ಪತ್ರ ಬರೆಯಲಿಲ್ಲ. ನನ್ನ ಪಿಂಚಣಿ ಕಾಗದ ಆಗಷ್ಟೇ ಮೇಲಕ್ಕೆ ಹೋಗಿತ್ತು. ಮೊದಲೊಂದು ಹೇಳಿ ಈಗೊಂದು ಹೇಳಿದರೆ, ಆಗ ಏಕೆ ಮುಚ್ಚಿಟ್ಟೆ ಎಂದು ಕೇಳಿದರೆ, ಕಾಗದ ತಡೆಹಿಡಿದರೆ? ಸಾಹೇಬರನ್ನು ಕೇಳಿದೆ. ನಿವೃತ್ತಿ ಮುಗಿಸಿಕೊಂಡು ಏನು ಬೇಕಾದರೂ ಬರಿ ಎಂದರು. ಶಂಶಾದ್ ಎರಡು ಸಲ ಬಂದು ಬಾಗಿಲಲ್ಲಿ ನಿಂತಳು. ಮುಂದಿನ ವಾರ ನೋಡವಾ ತಂಗಿ ಎಂದು ಎರಡು ಸಲವೂ ಕಳಿಸಿದೆ. ಮೂರನೇ ಸಲ ಅವಳು ಬರಲಿಲ್ಲ.

ನಿವೃತ್ತಿಯಾದ ಮರುದಿನವೇ ಕೂತು ಎರಡು ಪುಟ ಬರೆದೆ. ಏನನ್ನೂ ಬಿಡಲಿಲ್ಲ, ನಕ್ಕದ್ದನ್ನೂ ಅಣಕಿಸಿದ್ದನ್ನೂ ಬರೆದೆ. ನಾನೇ ಆಟೋ ಮಾಡಿಕೊಂಡು ಅವಳ ಮನೆಗೆ ಒಯ್ದೆ. ಅಂಗಳದಲ್ಲಿ ಹತ್ತಿ ಹರಡಿ ಗಾದಿ ಹೊಲಿಯುತ್ತಿದ್ದಳು. ಕೈ ಒರೆಸಿಕೊಂಡು ಪೂರ್ತಿ ಓದಿದಳು. ಹೋದ ತಿಂಗಳೇ ಮನವಿ ತಿರಸ್ಕೃತವಾಗಿತ್ತು, ಮತ್ತೆ ಹಾಕಲು ಅವಕಾಶವಿರಲಿಲ್ಲ. ಅದೂ ಅಲ್ಲದೆ ಈ ಕಾಗದದ ಮೇಲೆ ಆಫೀಸಿನ ಮೊಹರು ಇಲ್ಲ, ನೌಕರಿ ಬಿಟ್ಟವರ ಮಾತು ಯಾರಿಗೂ ಬೇಡ ಎಂದಳು. ಬೈಯಲಿಲ್ಲ. ಚಹಾ ಕುಡಿದು ಹೋಗಿ ಎಂದಳು. ಕುಡಿದೆ, ಇಲ್ಲವೆನ್ನುವ ಧೈರ್ಯ ಇರಲಿಲ್ಲ.

ಮುಂದಿನ ಮಂಗಳವಾರ ಇದೆಲ್ಲವನ್ನೂ ಸವಿತಾಳ ಮುಂದೆ ಹೇಳಿದೆ. ಒಂದು ಮಾತು ಅವಳ ಬಾಯಿಂದ ಬರಲಿ ಎಂದೇ ಹೇಳಿದೆ. ನನಗೆ ಆಗ ಭಯದ ಕಾಯಿಲೆ ಇತ್ತಲ್ಲ, ಗುಳಿಗೆ ನುಂಗುತ್ತಿದ್ದೆನಲ್ಲ, ಅದಕ್ಕೇ ಬರೆಯುವುದಾಗಲಿಲ್ಲ, ಹೌದಲ್ಲ ಎಂದು ಕೇಳಿದೆ. ಅವಳು ಪೆನ್ನು ಕೆಳಗಿಟ್ಟಳು.

“ಆಕಿ ಬಾಗಲದಾಗ ನಿಂತಾಗ ನಿಮ್ಮ ಎದಿ ಹಾರಿತ್ತೇನ್ರಿ?”

ಕಣ್ಣು ಮುಚ್ಚಿ ನೆನಪು ಮಾಡಿಕೊಂಡೆ. ಹಾರಿರಲಿಲ್ಲ. ಎರಡೂ ಸಲ ತಣ್ಣಗೇ ಇದ್ದೆ. ಇಲ್ಲ ಎಂದೆ.

“ಹಂಗಾರ ಅದು ಕಾಯಿಲಿ ಅಲ್ರಿ ಅಮ್ಮಾರ,” ಎಂದಳು. “ಅದನ್ನ ನಾ ವಾಸಿ ಮಾಡಂಗಿಲ್ಲ.”

ಹೊರಗೆ ಬೆಂಚಿನ ಮೇಲೆ ಮುಂದಿನವರು ಕಾಯುತ್ತಿದ್ದರು. ಚೀಟಿ ತೆಗೆದುಕೊಂಡು ಎದ್ದು ಬಂದೆ.